ಸಾಣೆಯಲ್ಲಿ ಹೋದ ನೀಲಿ

ಕನಕಪುರದಲ್ಲಿ ಸರಸಮ್ಮನವರ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದ ಮೊದಲ ವಾರದಲ್ಲೇ ನನ್ನ ಮೇಲೆ ಮೂರು ಆಪಾದನೆಗಳಿದ್ದವು. ಟ್ಯಾಂಕಿನ ನೀರು ಬೇಗ ಮುಗಿಯುತ್ತಿದೆ. ಕರಿಬೇವಿನ ಗಿಡದ ಕುಡಿಯನ್ನು ಯಾರೋ ಚಿವುಟಿದ್ದಾರೆ. ಗೇಟಿನ ಚಿಲಕ ಸಡಿಲವಾಗಿದೆ. ಮೂರರಲ್ಲೂ ಅವರು ನನ್ನ ಹೆಸರೆತ್ತಲಿಲ್ಲ. "ಮೊದ್ಲು ಹಿಂಗಿರ್ಲಿಲ್ಲ, ಅದ್ಕೇ ಕೇಳ್ದೆ" ಎಂದು ಮೆಟ್ಟಿಲ ಬುಡದಲ್ಲಿ ನಿಂತು ಆಕಾಶಕ್ಕೆ ಹೇಳಿದರು. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕರಿಬೇವನ್ನು ಚಿವುಟಿದ್ದು ನಾನೇ ಅನ್ನುವುದು ಬೇರೆ ಮಾತು, ಆದರೂ ಕೇಳುವ ರೀತಿ ಅದಲ್ಲ.

ನನ್ನ ಹೆಸರು ಸರ್ವಮಂಗಳ, ಊರು ಮಾಗಡಿ. ಇಲ್ಲಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಮೇಜಿನ ಮೇಲೂ ಕಿಟಕಿಯ ಮೇಲೂ ಕಲ್ಲುಗಳೇ ಇರುವುದನ್ನು ಕಂಡು ಬೀದಿಯವರು ನನಗೆ ಕಲ್ಲು ಮೇಡಮ್ಮು ಎಂದು ಹೆಸರಿಟ್ಟರು. ಸರಸಮ್ಮ ಮಾತ್ರ ಆ ಕಲ್ಲುಗಳನ್ನು ದೂರದಿಂದಲೇ ನೋಡಿ, "ಇವೆಲ್ಲ ಸರ್ಕಾರುದ್ದಾ, ನಿಮ್ದಾ?" ಎಂದು ಕೇಳಿದ್ದರು. ಆ ಪ್ರಶ್ನೆ ಯಾಕೆ ಬಂತು ಅಂತ ನನಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ.

ಅವರಿಗೆ ಆಗ ಐವತ್ತೆಂಟು ವರ್ಷ. ಹರೆಯದಲ್ಲಿ ಹನ್ನೊಂದು ವರ್ಷ ರಾಮನಗರದ ಒಂದು ಫಿಲೇಚರಿನಲ್ಲಿ ದುಡಿದವರು. ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ರೇಷ್ಮೆಗೂಡಿನ ಎಳೆಯ ತುದಿ ಹುಡುಕಿ ನೂಲು ತೆಗೆಯುವ ಕೆಲಸ. ಗೂಡಿನ ರಾಶಿ ಬಂದರೆ ಸರಸಮ್ಮ ಮೇಲಿನದನ್ನು ನೋಡುತ್ತಿರಲಿಲ್ಲವಂತೆ. ಮೊಣಕೈವರೆಗೆ ಕೈ ತೂರಿಸಿ ಅಡಿಯದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಮೇಲೆ ಒಳ್ಳೆಯದಿಟ್ಟು ಅಡಿಯಲ್ಲಿ ಕೆಟ್ಟದ್ದು ತುಂಬುವುದು ಗೂಡು ಮಾರುವವರ ಹಳೇ ಚಾಳಿ. ಫಿಲೇಚರ್ ಮುಚ್ಚಿತು, ಆದರೆ ಆ ಕೈ ಮಾತ್ರ ಎಲ್ಲದರ ಅಡಿಗೂ ಹೋಗುವುದನ್ನು ಬಿಡಲಿಲ್ಲ. ಹಾಲಿನವನು ಹೋಗುವ ಮೊದಲೇ ಹಾಲಿನ ತೊಟ್ಟನ್ನು ಉಗುರಿನ ಮೇಲೆ ನಿಲ್ಲಿಸಿ ನೋಡುವುದು, ಹೂವಿನ ಮೊಳವನ್ನು ತಮ್ಮ ಕೈಯಲ್ಲೇ ಮತ್ತೆ ಅಳೆಯುವುದು, ಹಾರೋಹಳ್ಳಿಯ ಫ್ಯಾಕ್ಟರಿಯಿಂದ ತಡವಾಗಿ ಬಂದ ಮಗ ಕೆಂಪರಾಜುವಿನ ಬಸ್ ಟಿಕೆಟ್ ಕೇಳುವುದು, ಎಲ್ಲ ನಡೆದೇ ಇತ್ತು.

ಇಂಥ ಮನುಷ್ಯೆ ಜೀವನದಲ್ಲಿ ಇಬ್ಬರನ್ನು ಮಾತ್ರ ಅನುಮಾನಿಸಿರಲಿಲ್ಲ. ಒಬ್ಬರು ಗಂಡ ಕೃಷ್ಣಪ್ಪ. ಇನ್ನೊಬ್ಬರು ಫಿಲೇಚರಿನಲ್ಲಿ ಹನ್ನೊಂದು ವರ್ಷ ಪಕ್ಕದ ತೊಟ್ಟಿಯಲ್ಲಿ ಕೂತಿದ್ದ ಚನ್ನಪಟ್ಟಣದ ಶೀಬಾ.

ಕೃಷ್ಣಪ್ಪ ಸಾತನೂರು ಕಡೆಯ ಕಲ್ಲುಕ್ವಾರಿಯಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದವರು. ಮದುವೆಯಾದ ವರ್ಷವೇ ಒಂದು ಸಂಜೆ ಟವಲಿನಲ್ಲಿ ಸುತ್ತಿ ಬೂದುಬಣ್ಣದ ಕಲ್ಲೊಂದನ್ನು ತಂದರು. ಅರ್ಧ ತೆಂಗಿನಕಾಯಿಯಷ್ಟು ಗಾತ್ರ. ಒಡೆದ ಮುಖದ ನಟ್ಟನಡುವೆ ಕಿರುಬೆರಳ ಉಗುರಿನಷ್ಟು ಅಗಲದ ನೀಲಿ. "ನಿಂಗೆ ಕೊಡಕ್ಕೆ ಇದ್ಕಿಂತ ಚೆಂದಾದ್ದು ನನ್ತಾವಿಲ್ಲ ಕಣೆ" ಎಂದರಂತೆ. ಸರಸಮ್ಮ ಪರೀಕ್ಷೆ ಮಾಡದೆ ಒಪ್ಪಿಕೊಂಡ ವಸ್ತು ಅದೊಂದೇ. ತೊಳೆಯಲಿಲ್ಲ, ಕೆರೆದು ನೋಡಲಿಲ್ಲ. ದೇವರ ಗೂಡಿನ ಪಕ್ಕ ಇಟ್ಟರು. ನಾನು ಮಹಡಿಗೆ ಬಂದ ಮೇಲೆ ಅದನ್ನು ಬೀರುವಿನ ಒಳಕ್ಕೆ ಸರಿಸಿದರು. ಕಲ್ಲು ಮೇಡಮ್ಮು ನೋಡಿದರೆ ಸರ್ಕಾರದ್ದು ಅಂತ ಹೇಳಿ ಕಾಲೇಜಿಗೆ ಹೊತ್ತುಕೊಂಡು ಹೋಗುತ್ತಾಳೆ ಅನ್ನುವ ಭಯ.

ಕೃಷ್ಣಪ್ಪ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ತಾಳಿ ತೆಗೆದ ಕತ್ತು ಬರಿದಾಗಿದೆ, ಅಲ್ಲಿಗೆ ಕೈ ಹೋದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ ಎಂದು ಸರಸಮ್ಮ ಒಮ್ಮೆ ನನ್ನ ಹತ್ತಿರವೇ ಹೇಳಿದ್ದರು. ಆ ನೀಲಿಯನ್ನು ಬಿಡಿಸಿ, ತುದಿಗೆ ಬೆಳ್ಳಿ ಕಟ್ಟಿಸಿ, ದಾರದಲ್ಲಿ ಪೋಣಿಸಿ ಹಾಕಿಕೊಳ್ಳಬೇಕು ಅನ್ನುವುದು ಅವರ ಆಸೆ. ಆದರೆ ಯಾವ ಚಿನ್ನಬೆಳ್ಳಿಯವರ ಕೈಗೂ ಕಲ್ಲು ಕೊಡಲು ಮನಸ್ಸಿಲ್ಲ. ಕಣ್ಣೆದುರೇ ಬದಲಾಯಿಸಿಬಿಟ್ಟರೆ? ಹೀಗೆ ಆ ಕಲ್ಲು ಶೀಬಾ ಅವರಿಗೆ ಹೋಯಿತು.

ಫಿಲೇಚರ್ ಮುಚ್ಚಿದ ಮೇಲೆ ಶೀಬಾ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೆಲಸ ಕಲಿತು, ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡಿದ್ದರು. ಹಾಲೆಮರದ ತುಂಡನ್ನು ತಿರುಗಿಸಿ ಕಡೆದು, ಬಣ್ಣದ ಅರಗನ್ನು ಒತ್ತಿ ಹಿಡಿದು, ತಾಳೆಗರಿಯಲ್ಲಿ ಹೊಳಪು ಕೊಡುವುದು. ಉಳಿ ಮಸೆಯಲು ಒಂದು ಸಾಣೆಯೂ ಇತ್ತು. ಅದರಲ್ಲೇ ತಮ್ಮ ಉಂಗುರದ ಹರಳೊಂದನ್ನು ಉಜ್ಜಿಕೊಂಡಿದ್ದನ್ನು ಸರಸಮ್ಮ ನೋಡಿದ್ದರು.

ಮುಂದೆ ಆದದ್ದನ್ನು ಶೀಬಾ ಅವರೇ ನನಗೆ ಆಮೇಲೆ ಹೇಳಿದರು. ಸಣ್ಣ ಸುತ್ತಿಗೆಯಲ್ಲಿ ಮೂರು ದಿನ ತಟ್ಟಿ ತಟ್ಟಿ ಸುತ್ತಲಿನ ಬೂದುಕಲ್ಲನ್ನು ಬಿಡಿಸಿದರು. ಒಳಗಿದ್ದದ್ದು ಗುಂಡಲ್ಲ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಕಡ್ಡಿ. ಉದ್ದದ್ದು ಕೈಗೆ ಬಂದರೆ ಮರ ಕಡೆಯುವವರು ಮೊದಲು ಮಾಡುವ ಕೆಲಸ ಒಂದೇ. ಎರಡು ತುದಿಗಳನ್ನು ತೆಗೆದುಬಿಡುವುದು. ಮರದಲ್ಲಿ ತುದಿ ಸೀಳು ಬಿಟ್ಟಿರುತ್ತದೆ, ಅದು ಕಸ. ಚೆಂದ ಇರುವುದು ಉದ್ದಕ್ಕೆ. ಶೀಬಾ ಆ ನೀಲಿ ತುದಿಯನ್ನೇ ಸಾಣೆಗೆ ಹಿಡಿದರು. ಹೇಗೂ ಬೆಳ್ಳಿಯ ಟೋಪಿ ಬರುತ್ತದಲ್ಲ ಎಂದು ಎರಡೂ ತುದಿಗಳನ್ನು ಒರಟಾಗಿಯೇ ಬಿಟ್ಟು, ಉದ್ದದ ಮೈಯನ್ನು ಎರಡು ದಿನ ಉಜ್ಜಿದರು. ಮೈ ಹೊಳೆಯತೊಡಗಿತು, ನೀಲಿ ಮಾತ್ರ ಎಲ್ಲೂ ಇಲ್ಲ. ನೀರು ಹೆಚ್ಚಾದ ಚಹಾದಂಥ ತಿಳಿಹಳದಿ.

ಶೀಬಾ ಸಾಣೆ ನಿಲ್ಲಿಸಿದರು. ಅವರ ಕಸುಬಿನಲ್ಲಿ ಬಣ್ಣ ಅನ್ನುವುದು ಮೇಲ್ಮೈಯ ಮಾತು. ಉಳಿ ತಾಗಿದರೆ ಕೆಂಪು ಕುದುರೆಯ ಒಳಗೆ ಬಿಳಿ ಮರವೇ ಕಾಣುವುದು. ಇಲ್ಲೂ ಹಾಗೇ ಆಗಿದೆ ಅಂದುಕೊಂಡರು. ತುದಿಗೆ ಯಾರೋ ಬಣ್ಣ ಹಚ್ಚಿದ್ದರು, ತಮ್ಮ ಸಾಣೆ ಅದನ್ನು ತಿಂದುಬಿಟ್ಟಿತು. ಹಚ್ಚಿದವರು ಯಾರು ಅನ್ನುವುದನ್ನು ಯೋಚಿಸಲು ಅವರಿಗೆ ಮನಸ್ಸು ಬರಲಿಲ್ಲ.

ಕಲ್ಲನ್ನೂ ಅದರ ಸುತ್ತಲಿನ ಚೂರುಗಳನ್ನೂ ಅದೇ ಟವಲಿನಲ್ಲಿ ಕಟ್ಟಿಕೊಂಡು ಶೀಬಾ ಕನಕಪುರಕ್ಕೆ ಬಂದ ದಿನ ನಾನು ಮಹಡಿಯಲ್ಲಿ ಬಟ್ಟೆ ಒಣಗಿಹಾಕುತ್ತಿದ್ದೆ.

"ಇದ್ಯಾವ್ದು?" ಎಂದರು ಸರಸಮ್ಮ.

"ನಿಂದೇ ಕಣಕ್ಕ. ಉಜ್ತಾ ಉಜ್ತಾ ನೀಲಿ ಹೊಂಟೋಯ್ತು. ತುದೀಲಿ ಮಾತ್ರ ಇತ್ತು ಅನ್ಸ್ತದೆ."

"ಕಲ್ಲಲ್ಲಿ ಬಣ್ಣ ಹೋಗ್ತದಾ ಶೀಬಾ? ಏನು ಸೀರೆ ಸೆರಗಾ ಅದು?"

"ಅಲ್ಲಾನ ಆಣೆಗೂ ನಿಂದೇ."

"ಆಣೆ ಬ್ಯಾಡ. ನನ್ ಕಲ್ಲು ಕೊಡು."

ಶೀಬಾ ಬಂದ ಬಸ್ಸಿನಲ್ಲೇ ತಿರುಗಿ ಹೋದರು. ಸರಸಮ್ಮ ಆ ಮಾಸಲು ಕಲ್ಲನ್ನು ಎಸೆಯಲಿಲ್ಲ. ಸಾಕ್ಷಿಗೆ ಬೇಕಾಗುತ್ತದೆ ಎಂದು ಟವಲಿನ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಎರಡು ವಾರ ದಿನಕ್ಕೆರಡು ಸಲ ಫೋನು. ಪ್ರತಿ ಸಲವೂ ಶೀಬಾ ಒಂದೇ ಮಾತು ಹೇಳಿದರು, ಬದಲಾಯಿಸಿಲ್ಲ, ಬಣ್ಣ ಹೋಯಿತು. ಮಾತು ಒಂದು ಕೂದಲೆಳೆಯೂ ಬದಲಾಗದಿದ್ದದ್ದು ಸರಸಮ್ಮನವರನ್ನು ಕಾಡತೊಡಗಿತು. ಸುಳ್ಳು ಹೇಳುವವರು ಎಲ್ಲಾದರೂ ಒಂದು ಕಡೆ ತಡವರಿಸುತ್ತಾರೆ ಅನ್ನುವುದು ಅವರ ಲೆಕ್ಕ. ಶೀಬಾ ತಡವರಿಸುತ್ತಿಲ್ಲ. ಹಾಗಾದರೆ ಸುಳ್ಳು ಬೇರೆ ಕಡೆ ಇರಬೇಕು.

ಅನುಮಾನ ಮೆಲ್ಲಗೆ ಸತ್ತವರ ಕಡೆ ತಿರುಗಿತು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ನನ್ನನ್ನು ತಡೆದು ಕೇಳಿದರು. "ಮೇಡಮ್ಮೋರೆ, ಕಲ್ಲಿಗೆ ಬಣ್ಣ ಬಳುದ್ರೆ ಮೂವತ್ತು ವರ್ಸ ನಿಲ್ತದಾ?"

ನಾನು ಪರೀಕ್ಷೆಯ ಪೇಪರು ತಿದ್ದುವ ಅವಸರದಲ್ಲಿದ್ದೆ. ಯಾಕೆ, ಏನು ಎಂದು ವಿಚಾರಿಸದೆ, "ಒಳ್ಳೇ ಬಣ್ಣ ಆದರೆ ನಿಲ್ಲಬಹುದು" ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಹಾಕಬೇಕು. ಅವತ್ತೇ ಸರಸಮ್ಮ ಗೋಡೆಯಲ್ಲಿದ್ದ ಕೃಷ್ಣಪ್ಪನವರ ಫೋಟೊ ಇಳಿಸಿ, ಮುಖ ಕೆಳಗೆ ಮಾಡಿ ಅಟ್ಟದ ಮೇಲಿಟ್ಟರು. ಮದುವೆಯ ವರ್ಷದಿಂದ ಹಿಡಿದು ಅವರು ಹೇಳಿದ್ದ ಒಂದೊಂದು ಮಾತನ್ನೂ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡತೊಡಗಿದರು. ರಾತ್ರಿಪಾಳಿ ಅಂದದ್ದು ನಿಜವೇ? ತಂಗಿಯ ಮನೆಗೆ ಹೋಗಿದ್ದೆ ಅಂದದ್ದು? ಊಟ ಕಡಿಮೆಯಾಯಿತು. ಕೆಂಪರಾಜು ಕೇಳಿದರೆ, "ನಿಮ್ಮಪ್ಪ ನಂಗೆ ಬಣ್ಣ ಬಳುದ ಕಲ್ಲು ಕೊಟ್ಟಿದ್ದ ಕಣ್ಲಾ, ನಾನು ದೇವ್ರ ಪಕ್ಕ ಮಡಿಕ್ಕಂಡಿದ್ದೆ" ಎನ್ನುವುದು. ನೋಡುವುದಕ್ಕೇ ಸಂಕಟವಾಗುತ್ತಿತ್ತು.

ಪಿತೃಪಕ್ಷ ಬಂತು. ತೀರಿಹೋದ ಹಿರಿಯರ ಫೋಟೊ ಮುಂದೆ ಅವರಿಗಿಷ್ಟವಾದ ಅಡಿಗೆಯನ್ನೆಲ್ಲ ಬಡಿಸಿ ಎಡೆ ಇಡುವ ದಿನ ಹತ್ತಿರವಾಯಿತು. ಸರಸಮ್ಮ ಶೀಬಾಗೆ ಫೋನು ಮಾಡಿ ಹೇಳಿದರು. "ಈ ಸಲ ಆವಯ್ಯಂಗೆ ಎಡೆ ಇಡಲ್ಲ. ಹಸ್ಕಂಡೇ ಹೋಗ್ಲಿ."

ಮಾರನೆಯ ಬೆಳಿಗ್ಗೆ ಶೀಬಾ ಗೇಟಿನಲ್ಲಿ ನಿಂತಿದ್ದರು. ಬುರ್ಖಾದ ಮೇಲೆಲ್ಲ ದಾರಿಯ ಧೂಳು. ಕೂಗಿಯೇ ಹೇಳಿದರು, ಬೀದಿಗೆಲ್ಲ ಕೇಳುವ ಹಾಗೆ.

"ಸರಸಕ್ಕ, ಕಲ್ಲು ನಾನೇ ಎತ್ಕಂಡೆ."

"ಏನಂದೆ?"

"ಒಳಗೂ ನೀಲೀನೇ ಇತ್ತು. ಆಸೆ ಆಯ್ತು. ಬೇರೆ ಕಲ್ಲು ಉಜ್ಜಿ ನಿಂಗೆ ಕೊಟ್ಟೆ. ಕೃಷ್ಣಪ್ಪಣ್ಣಂದು ಏನೂ ತಪ್ಪಿಲ್ಲ."

"ಎಲ್ಲೈತೆ ಈಗ?"

"ಇಲ್ಲ. ಬೆಂಗ್ಳೂರೋರು ಯಾರೋ ಬಂದಿದ್ರು, ಕೊಟ್ಬುಟ್ಟೆ."

ಸರಸಮ್ಮ ಬಾಯಿಗೆ ಬಂದ ಹಾಗೆ ಬೈದರು. ಒಂದೇ ಡಬ್ಬಿಯ ಬುತ್ತಿ ಹಂಚಿಕೊಂಡು ಉಂಡವಳು, ಹೆರಿಗೆಯಲ್ಲಿ ನನ್ನ ತಲೆ ಬಾಚಿದವಳು, ಹೀಗೆ ಮಾಡಿಬಿಟ್ಟೆಯಲ್ಲ ಎಂದು ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡರು. ಶೀಬಾ ತಲೆ ಬಗ್ಗಿಸಿ ಕೇಳಿಸಿಕೊಂಡು, ಬೈಗುಳ ಮುಗಿದ ಮೇಲೆ ಹೊರಟುಹೋದರು. ನಾನು ಮಹಡಿಯ ಕಟ್ಟೆಗೆ ಒರಗಿ ಎಲ್ಲವನ್ನೂ ನೋಡಿದೆ. ನಂಬಿದೆ ಕೂಡ. ಕದ್ದವಳೇ ಕದ್ದೆ ಅನ್ನುತ್ತಿರುವಾಗ ಯಾರು ತಾನೇ ನಂಬುವುದಿಲ್ಲ?

ಆ ಸಂಜೆಯೇ ಫೋಟೊ ಗೋಡೆಗೆ ಮರಳಿತು. ಎಡೆಗೆ ಕೃಷ್ಣಪ್ಪನವರಿಗೆ ಇಷ್ಟವೆಂದು ಎರಡು ಬಗೆ ಸಾರು ಮಾಡಿದರು. ಸರಸಮ್ಮ ಫೋಟೊ ಮುಂದೆ ಕೂತು ಗಲ್ಲ ಬಡಿದುಕೊಂಡು ತಪ್ಪಾಯಿತು ಎಂದು ಅತ್ತರು. ಆಮೇಲೆ ಫೋನು ಹಿಡಿದು ಹಳೇ ಫಿಲೇಚರಿನ ಹೆಂಗಸರಿಗೆಲ್ಲ ಶೀಬಾಳ ಕಳ್ಳತನದ ಸುದ್ದಿ ಮುಟ್ಟಿಸಿದರು. ದೊಡ್ಡಮಳೂರಿನಲ್ಲಿ ಅವರ ಪೈಕಿ ಒಬ್ಬರ ಮಗಳ ಮದುವೆ ನಡೆದಾಗ, ಶೀಬಾ ಬಂದು ಕೂತ ಸಾಲಿನ ಹೆಂಗಸರು ತಮ್ಮ ಕೈಚೀಲಗಳನ್ನು ತೊಡೆಯ ಮೇಲೆ ಎಳೆದುಕೊಂಡರಂತೆ. ಶೀಬಾ ಊಟಕ್ಕೆ ನಿಲ್ಲದೆ ಹೊರಟರಂತೆ.

ಶಿವರಾತ್ರಿ ಕಳೆದು ಬಿಸಿಲೇರಿದ ಒಂದು ಭಾನುವಾರ ಸರಸಮ್ಮ ಟವಲಿನ ಗಂಟು ಹಿಡಿದು ಮಹಡಿಗೆ ಬಂದರು. ಎಲ್ಲ ಕಥೆಯನ್ನೂ ನನಗೆ ಅವರೇ ಬಾಯಿಬಿಟ್ಟು ಹೇಳಿದ್ದು ಅವತ್ತೇ. ಪೊಲೀಸರಿಗೆ ದೂರು ಕೊಡುವ ಯೋಚನೆ ಅವರಿಗೆ.

"ಇದು ಬರೀ ಗಾಜು ಅಂತ ಒಂದು ಚೀಟಿ ಬರ್ಕೊಡಿ ಮೇಡಮ್ಮೋರೆ. ಇಲ್ಲೇ ನನ್ ಎದ್ರಿಗೇ ನೋಡಿ, ಒಳಕ್ಕೆ ತಗಂಡೋಗ್ಬ್ಯಾಡಿ."

ನನಗೆ ರೇಗಿತು, ಆದರೂ ಕಲ್ಲು ತೆಗೆದುಕೊಂಡೆ. ಮೊದಲು ಖಾಲಿ ಬಾಟಲಿಯ ಮೇಲೆ ಗೀರಿದೆ. ಬಾಟಲಿಯ ಮೇಲೆ ಗೆರೆ ಬಿತ್ತು. ಗಾಜು ಗಾಜನ್ನು ಹಾಗೆ ಗೀರುವುದಿಲ್ಲ. ಸುತ್ತಲಿನ ಬೂದುಕಲ್ಲಿನ ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಅವುಗಳಲ್ಲೂ ಅದೇ ಖನಿಜದ ಕಾಳುಗಳಿದ್ದವು. ಒರಟು ಮೈಯಲ್ಲೂ ಬೆಳಕು ಹಾಯಲಿ ಎಂದು ಎರಡೂ ತುದಿಗೆ ಒಂದೊಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಡ್ಡಲಾಗಿದ್ದದ್ದನ್ನು ತುದಿ ಕಣ್ಣಿಗೆದುರಾಗುವಂತೆ ಉದ್ದಕ್ಕೆ ತಿರುಗಿಸಿದೆ. ತಿಳಿಹಳದಿ ಹೋಗಿ ನೀಲಿ ತುಂಬಿಕೊಂಡಿತು. ಸಂಜೆ ಮುಗಿದು ಇನ್ನೂ ಕತ್ತಲಾಗದ ಹೊತ್ತಿನ ಆಕಾಶದ ನೀಲಿ.

"ಏನ್ ಮಾಡುದ್ರಿ?" ಸರಸಮ್ಮ ನನ್ನ ಮಣಿಕಟ್ಟು ಹಿಡಿದರು. "ಎಣ್ಣೇಲಿ ಏನೋ ಐತೆ. ಇಲ್ಲಾ ಕಲ್ಲು ಬದ್ಲಾಯಿಸುದ್ರಿ."

ವಾದ ಮಾಡಿ ಫಲವಿಲ್ಲ ಅಂತ ನನಗೆ ಗೊತ್ತು. ಕಲ್ಲನ್ನು ಸೋಪಿನಲ್ಲಿ ತೊಳೆದು ಅವರ ಕೈಗೇ ಕೊಟ್ಟೆ. ಕೆಳಗಿಳಿದು ಹೋಗಿ ತಮ್ಮ ಮನೆಯ ಎಣ್ಣೆ ತಂದರು, ತಾವೇ ಸವರಿದರು, ತಾವೇ ಬೆಳಕಿಗೆ ಹಿಡಿದು ತಿರುಗಿಸಿದರು. ನೀಲಿ. ಅಡ್ಡ ಮಾಡಿದರು, ಹೋಯಿತು. ಉದ್ದ ಮಾಡಿದರು, ಬಂತು. ಹತ್ತು ಸಲ ಹೀಗೇ ಮಾಡಿ ನೆಲದ ಮೇಲೆ ಕೂತುಬಿಟ್ಟರು.

ನಾನು ಹೇಳಿದೆ. ಇದರ ಹೆಸರು ಕಾರ್ಡಿಯರೈಟ್, ಮೆಗ್ನೀಸಿಯಂ, ಅಲ್ಯುಮಿನಿಯಂ ಸೇರಿದ ಒಂದು ಸಿಲಿಕೇಟ್. ಬೂದುಬಣ್ಣದ ಪುಡಿಯಂಥದ್ದು ಅಲ್ಲಲ್ಲಿ ಸಿಗುತ್ತದೆ, ಇಷ್ಟು ತಿಳಿಯಾದ ನೀಲಿ ಹರಳು ಬಲು ಅಪರೂಪ. ಯಾವುದೋ ಕಾಲದ ಕೆರೆಯ ಕೆಸರಿನಂಥ ಜೇಡಿಮಣ್ಣು ನೆಲದಾಳಕ್ಕೆ ಹೂತುಹೋಗಿ, ನಮ್ಮ ಈ ಬಂಡೆಗಳ ಕಾಲದಲ್ಲಿ, ಅಂದರೆ ಇನ್ನೂರೈವತ್ತು ಕೋಟಿ ವರ್ಷದ ಹಿಂದೆ, ಕಾವಿಗೆ ಬೆಂದು ಹರಳಾಗಿರಬೇಕು. ಒಳಗೆ ಅದರ ಕಣಗಳು ಬಳೆಯ ಮೇಲೆ ಬಳೆ ಜೋಡಿಸಿದ ಹಾಗೆ ಕೂತಿವೆ. ನಡುವಿನ ತೂತಿನಲ್ಲಿ ಒಸಿ ನೀರೂ ಸಿಕ್ಕಿಕೊಂಡಿರುತ್ತದೆ. ಬಳೆಯ ತೂತಿನ ಉದ್ದಕ್ಕೆ ನೋಡಿದರೆ ಅದರಲ್ಲಿರುವ ಕಬ್ಬಿಣದ ಅಂಶ ಬೆಳಕಿನ ಉಳಿದ ಬಣ್ಣಗಳನ್ನು ನುಂಗಿ ನೀಲಿಯನ್ನು ಬಿಡುತ್ತದೆ. ಅಡ್ಡಕ್ಕೆ ನೋಡಿದರೆ ನೀಲಿ ಇಲ್ಲ. ಕೃಷ್ಣಪ್ಪನವರು ತಂದಾಗ ಬಂಡೆಯಲ್ಲಿ ಕಾಣುತ್ತಿದ್ದದ್ದು ತುದಿ ಮಾತ್ರ. ಶೀಬಾ ಉಜ್ಜಿ ಹೊಳಪು ಕೊಟ್ಟದ್ದು ಮೈಗೆ.

ನನ್ನ ಪಾಠದಲ್ಲಿ ಸರಸಮ್ಮ ಎರಡನ್ನು ಮಾತ್ರ ಹಿಡಿದುಕೊಂಡರು.

"ಹಂಗಾರೆ ಅವ್ರು ಬಣ್ಣ ಬಳೀಲಿಲ್ಲ."

"ಇಲ್ಲ."

"ಶೀಬಾನೂ ಬದ್ಲಾಯಿಸ್ಲಿಲ್ಲ."

"ಇಲ್ಲ ಸರಸಮ್ಮ, ಇದು ನಿಮ್ಮದೇ ಕಲ್ಲು."

ಕಲ್ಲನ್ನು ಮತ್ತೆ ಟವಲಿನಲ್ಲಿ ಕಟ್ಟಿದರು. ಆಮೇಲೆ ಹುಬ್ಬು ಗಂಟಿಕ್ಕಿತು. "ಮತ್ಯಾಕೆ ಕದ್ದೆ ಅಂದ್ಲು? ಇದ್ರಲ್ಲೇನೋ ಐತೆ ಮೇಡಮ್ಮೋರೆ. ನೀವು ನನ್ಜೊತೆ ಬನ್ನಿ, ಸಾಕ್ಷಿಗೆ."

ಸಾತನೂರು ಮೇಲಿನ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಲೆಕ್ಕ ಹಾಕುತ್ತಲೇ ಇದ್ದರು. ಬೇರೆ ಏನಾದರೂ ಕದ್ದಿದ್ದಳೇ, ಅದನ್ನು ಮುಚ್ಚಲು ಹೀಗಂದಳೇ? ಯಾರಾದರೂ ಹೇಳಿಕೊಟ್ಟರೇ? ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ನನಗೆ ಉತ್ತರ ಅರ್ಧ ಹೊಳೆದಿತ್ತು, ಪೂರ್ತಿ ಹೊಳೆಯುವುದು ಬೇಡ ಅನ್ನಿಸುತ್ತಿತ್ತು.

ಶೀಬಾ ಶೆಡ್ಡಿನಲ್ಲಿ ತಿರುಗುವ ಬುಗುರಿಗೆ ಕೆಂಪು ಅರಗು ಒತ್ತುತ್ತಿದ್ದರು. ನಮ್ಮನ್ನು ಕಂಡರೂ ಯಂತ್ರ ನಿಲ್ಲಿಸಲಿಲ್ಲ. ನನ್ನ ಕಡೆ ನೋಡಿ, "ಇವ್ರು ಪೊಲೀಸ್ನೋರಾ?" ಎಂದರು. ಬನ್ನಿ ಅನ್ನಲಿಲ್ಲ, ಕೂರಿ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಸರಸಮ್ಮ ಕಲ್ಲನ್ನು ಶೀಬಾ ಅವರ ಕಣ್ಣಿನ ಮುಂದೆ ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು. ಶೀಬಾ ಯಂತ್ರ ನಿಲ್ಲಿಸಿದರು. ಕಲ್ಲನ್ನು ತಮ್ಮ ಕೈಗೆ ತೆಗೆದುಕೊಂಡು, ಅರಗಿನ ಬೆರಳುಗಳಲ್ಲೇ ಅತ್ತ ಇತ್ತ ಮಾಡಿ ನೋಡಿದರು.

"ಯಾ ಅಲ್ಲಾ, ಒಳಗೇ ಐತಲ್ಲಕ್ಕ! ಕೃಷ್ಣಪ್ಪಣ್ಣನೇ ಬಣ್ಣ ಬಳ್ದಿದ್ರು ಅಂತ ನಾನೂ ಅನ್ಕಂಡ್ಬುಟ್ಟಿದ್ದೆ. ಪಾಪ, ಅವ್ರ ಮ್ಯಾಲೆ ನಾನೂ ಅನುಮಾನ ಪಟ್ಟೆ."

"ನೀನು ಕದ್ದಿಲ್ಲ" ಎಂದರು ಸರಸಮ್ಮ. ಧ್ವನಿ ಗಟ್ಟಿಯಾಗಿಯೇ ಇತ್ತು. "ಕದೀದೆ ಇದ್ದೋಳು ಬೀದಿಗೆಲ್ಲ ಕೇಳೋ ಹಂಗೆ ಕದ್ದೆ ಅಂತ ಯಾಕಂದೆ? ಏನಿತ್ತು ನಿನ್ ಮನಸ್ನಲ್ಲಿ? ನಿಜ ಹೇಳು."

ಶೀಬಾ ಕಲ್ಲನ್ನು ಅವರ ಅಂಗೈಯಲ್ಲಿಟ್ಟರು.

"ನೀನು ಎಡೆ ಇಡಲ್ಲ ಅಂದೆ. ನನ್ನ ಬೈದ್ರೆ ನಾನು ಬದುಕಿದ್ದೀನಿ, ಬೈಸ್ಕೊತೀನಿ. ಆವಯ್ಯ ಎದ್ದು ಬಂದು ನಿಂಗೆ ಉತ್ತರ ಹೇಳಕ್ಕಾಯ್ತದಾ ಅಕ್ಕ?"

ಸರಸಮ್ಮ ಮರದ ಹೊಟ್ಟಿನ ಮೇಲೆ ಕುಸಿದು ಕೂತು ಬಾಯಿಗೆ ಸೆರಗು ಒತ್ತಿಕೊಂಡರು. ಅಳು ತಡೆಯಲಾಗದೆ ಬಂತು. ನನಗೂ ಬಂತು, ಆ ದಿನ ಮಹಡಿಯ ಕಟ್ಟೆಗೆ ಒರಗಿ ನಿಂತಿದ್ದಕ್ಕೆ ನಾಚಿಕೆಯೂ ಆಯಿತು. ಸಮಾಧಾನ ಮಾಡಲು ನಾನು ಒಂದು ಹೆಜ್ಜೆ ಮುಂದೆ ಹೋದರೆ, ಶೀಬಾ ಕೈ ಅಡ್ಡ ಹಿಡಿದರು.

"ಬುಡಿ ಮೇಡಮ್. ಅಳ್ಬೇಡ ಅಂತ ನಾನು ಹೇಳಲ್ಲ" ಎಂದು ಸರಸಮ್ಮನವರ ಪಕ್ಕದಲ್ಲೇ ಕೂತರು. "ಆರು ತಿಂಗ್ಳು ನಾನೊಬ್ಳೇ ಅತ್ತಿದ್ದೀನಿ. ಈಗ ಇವಳೂ ಒಸಿ ಅಳ್ಲಿ."